ಕೇಳಿ, ಹೇಳುತ್ತೇನೆ: ಧಾರಾವಾಹಿಯ ಸಂಗೀತಕ್ಕೆ ಟಿಕೆಟ್ ತೆಗೆದು ಹೋಗಬೇಕೆ?

ಸಂಗೀತದ ಬಗ್ಗೆ ಓದುಗರು ಕಳುಹಿಸಿದ ಪ್ರಶ್ನೆಗಳಿಗೆ ಬೆಳಗಾವಿಯ ನಿವೃತ್ತ ಸೇನಾ ಬ್ಯಾಂಡ್ ವಾದಕರ ಉತ್ತರ

ಪ್ರಶ್ನೆ: ಸುಬೇದಾರ ಸಾಹೇಬರೇ, ನಾನು ನಿವೃತ್ತ ಶಾಲಾ ಶಿಕ್ಷಕಿ. ಲಾಕ್‌ಡೌನ್ ಹೊತ್ತಿನಲ್ಲಿ ಮಗ ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಅವನ ಜೊತೆ ಕುಳಿತು ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯನ್ನು ಪೂರ್ತಿ ನೋಡಿದೆ. ಮಾತು ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಆದರೆ ಆರಂಭದ ಸಂಗೀತ ಕೇಳಿಸಿದರೆ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಬಂದು ನಿಲ್ಲುತ್ತಿದ್ದೆ. ಈಗ ಮಗ ಹೊರದೇಶದಲ್ಲಿದ್ದಾನೆ. ನಾನು ಅಲ್ಲಿಗೆ ಹೋದಾಗ ಆ ಸಂಗೀತವನ್ನು ದೊಡ್ಡ ಆರ್ಕೆಸ್ಟ್ರಾ ನುಡಿಸುವ ಕಾರ್ಯಕ್ರಮಕ್ಕೆ ಕರೆದೊಯ್ಯುತ್ತಾನಂತೆ, ಟಿಕೆಟ್ ಕೂಡ ತೆಗೆದಿದ್ದಾನೆ. ಪಾಶ್ಚಾತ್ಯ ಸಂಗೀತದ ಗಂಧಗಾಳಿ ಇಲ್ಲದ ನಾನು ಅಲ್ಲಿ ಕುಳಿತು ಏನು ಮಾಡಲಿ? ಅವನ ಹಣ ಸುಮ್ಮನೆ ಹಾಳಾಗುವುದಿಲ್ಲವೇ?
– ನಿವೃತ್ತ ಶಿಕ್ಷಕಿ, ನವನಗರ, ಬಾಗಲಕೋಟೆ

ಉತ್ತರ: ಅಕ್ಕಾವರೇ, ಹೋಗಿ. ಹಿಟ್ಟಿನ ಕೈಯಲ್ಲೇ ಬಂದು ನಿಂತಿರಲ್ಲ, ಆ ಕಾರ್ಯಕ್ರಮಕ್ಕೆ ಅದಕ್ಕಿಂತ ದೊಡ್ಡ ಸಿದ್ಧತೆ ಬೇಕಿಲ್ಲ. ನಿಮ್ಮ ಸಮಾಧಾನಕ್ಕೆಂದು ಹೀಗೆ ಹೇಳುತ್ತಿಲ್ಲ. ಇದೇ ಧಾರಾವಾಹಿಯ ಸಂಗೀತವನ್ನು 2017ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕುಳಿತು ಕೇಳಿದ್ದೇನೆ. ನನ್ನ ಮಗಳು ಆಗ ನ್ಯೂಜೆರ್ಸಿಯಲ್ಲಿದ್ದಳು. ಹೋಗುವ ಮೊದಲು ಒಂದು ವಾರ ರಾತ್ರಿ ಊಟವಾದ ಮೇಲೆ ಆಯ್ದ ಏಳೆಂಟು ಕಂತುಗಳನ್ನು ಹಾಕಿ ತೋರಿಸಿ, ಯಾರು ಯಾರಿಗೆ ಏನಾಗಬೇಕು ಎಂದು ಹೇಳಿಕೊಟ್ಟಳು. ನಾನು ಹೋದದ್ದು ಅಷ್ಟೇ ತಿಳಿವಳಿಕೆಯಿಂದ. ನೀವು ಎಂಟೂ ಸರಣಿ, 73 ಕಂತು ನೋಡಿದವರು. ನನಗಿಂತ ಎಷ್ಟೋ ಮುಂದಿದ್ದೀರಿ.

ಮೊದಲು ‘ಆರ್ಕೆಸ್ಟ್ರಾ’ ಎಂಬ ಮಾತಿನ ಗೊಂದಲ ಬಿಡಿಸುತ್ತೇನೆ. ನಮ್ಮ ಕಡೆ ಗಣಪತಿ ಹಬ್ಬದಲ್ಲಿ ಪೆಂಡಾಲಿನ ಮುಂದೆ ಕೀಬೋರ್ಡು, ಪ್ಯಾಡು ಇಟ್ಟುಕೊಂಡು ಸಿನಿಮಾ ಹಾಡು ಹಾಡುವ ತಂಡಕ್ಕೆ ಆರ್ಕೆಸ್ಟ್ರಾ ಎನ್ನುತ್ತೇವೆ. ನೀವು ಕೇಳಲಿರುವುದು ಅದಲ್ಲ. ಸಾಲುಸಾಲಾಗಿ ಕುಳಿತ ಹತ್ತಾರು ವಾದಕರು, ಒಬ್ಬೊಬ್ಬರ ಮುಂದೆಯೂ ಸ್ವರಲಿಪಿಯ ಹಾಳೆ, ಹಿಂದೆ ನಿಂತು ಹಾಡುವ ವೃಂದ. ಆ ಧಾರಾವಾಹಿಯ ಸಂಗೀತ ಮಾಡಿದವರು ರಮೀನ್ ಜವಾಡಿ, ಜರ್ಮನಿಯಲ್ಲಿ ಹುಟ್ಟಿದವರು. ತಂದೆ ಇರಾನಿನವರು, ತಾಯಿ ಜರ್ಮನ್. ನಾನು ಹೋದ ದಿನ ಮುಂದೆ ನಿಂತು ಕೋಲು ಆಡಿಸಿ ವೃಂದವನ್ನು ನಡೆಸಿದವರೂ ಅವರೇ. ಅಮೆರಿಕದ ಆ ಪ್ರವಾಸದಲ್ಲಿ ಕೆಲವೇ ಮಂದಿ ಏಕವಾದಕರನ್ನು ಊರಿಂದ ಊರಿಗೆ ಕರೆದೊಯ್ದು, ಉಳಿದ ವಾದಕರನ್ನೂ ಹಾಡುಗಾರರನ್ನೂ ಆಯಾ ಊರಿನಲ್ಲೇ ಸೇರಿಸಿಕೊಳ್ಳುತ್ತಿದ್ದರು. ಬ್ಯಾಂಡಿನಲ್ಲಿ ಆಯುಷ್ಯ ಕಳೆದ ನನಗೆ ಅದನ್ನು ಕೇಳಿಯೇ ರೋಮಾಂಚನವಾಯಿತು. ಹೊಸ ಹಾಳೆ ಕೈಗೆ ಬಂದು, ನಾಲ್ಕು ಗಂಟೆ ತಾಲೀಮು ಮಾಡಿ, ಸಂಜೆ ಸಾವಿರಾರು ಜನರ ಮುಂದೆ ನುಡಿಸುವುದೆಂದರೆ ಏನೆಂದು ನುಡಿಸಿದವರಿಗೇ ಗೊತ್ತು.

ಪೆನ್ ಸ್ಟೇಷನ್ ಎಂಬ ರೈಲು ನಿಲ್ದಾಣದ ನೆತ್ತಿಯ ಮೇಲೆಯೇ ಆ ಸಭಾಂಗಣ ಕುಳಿತಿದೆ. ರೈಲಿಳಿದು ಮೆಟ್ಟಿಲು ಹತ್ತಿದರೆ ಬಾಗಿಲು. ಮಗಳು ನನ್ನ ಸ್ವೆಟರಿನ ಮೇಲೊಂದು, ಅದರ ಮೇಲೊಂದು ಕೋಟು ತೊಡಿಸಿದ್ದಳು. ಒಳಗೆ ಹೋಗಿ ಕುಳಿತಾಗ ಎಲ್ಲರೂ ವೇದಿಕೆಯ ಮೇಲಿನ ಪರದೆಗಳನ್ನು ನೋಡುತ್ತಿದ್ದರು. ನಾನು ಕುರ್ಚಿಗಳನ್ನು ಎಣಿಸುತ್ತಿದ್ದೆ. ಚೆಲ್ಲೋ ಎಷ್ಟು, ಸುರುಳಿ ಕಹಳೆಯಂಥ ಹಾರ್ನ್ ಎಷ್ಟು, ತಾಳವಾದ್ಯದವರು ಎಲ್ಲಿ. ಕೊಳಲು ಎಲ್ಲಿ ಎಂದೂ ಹುಡುಕಿದೆ. ಆಮೇಲೆ ತಿಳಿಯಿತು, ಧಾರಾವಾಹಿ ಮಾಡಿದವರು ಕೊಳಲು ಬೇಡವೆಂದು ಜವಾಡಿಯವರಿಗೆ ಮೊದಲೇ ಹೇಳಿದ್ದರಂತೆ. ರಾಜರಾಣಿಯರ, ಮಾಯಾಲೋಕದ ಇಂಥ ಕಥೆಗಳಿಗೆ ಎಲ್ಲರೂ ಕೊಳಲು ಬಳಸಿ ಬಳಸಿ ಅದು ಹಳಸಿಹೋಗಿದೆ ಎಂಬುದು ಕಾರಣ. ಹಾಗಾಗಿ ಇಡೀ ಕಥೆಯ ಭಾರ ಹೊತ್ತದ್ದು ಚೆಲ್ಲೋ. ಪಿಟೀಲಿಗಿಂತ ಬಹಳ ದೊಡ್ಡದು, ಕುಳಿತು ಮೊಣಕಾಲುಗಳ ನಡುವೆ ಹಿಡಿದು ನುಡಿಸುವುದು. ದನಿ ಗಂಡಸಿನ ಎದೆಯಿಂದ ಬಂದಂತಿರುತ್ತದೆ.

ನಿಮ್ಮನ್ನು ಅಡುಗೆಮನೆಯಿಂದ ಎಬ್ಬಿಸಿ ತಂದ ಸ್ವರಗಳು ಯಾವುವು ಗೊತ್ತೇ? ಪ ಸ ಗ ಮ, ಪ ಸ ಗ ಮ, ಆಮೇಲೆ ರಿ. ಗಾಂಧಾರ ಕೋಮಲ. ಅಷ್ಟೇ. ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಒತ್ತಿ ನೋಡಿ, ಬರುತ್ತದೆ. ಆರಂಭದ ನಕಾಶೆಯ ಚಿತ್ರವನ್ನು ನಿರ್ಮಾಪಕರ ಕಚೇರಿಯಲ್ಲಿ ನೋಡಿ ಕಾರಿನಲ್ಲಿ ಮನೆಗೆ ಮರಳುವಾಗ ಜವಾಡಿಯವರ ಬಾಯಲ್ಲಿ ಈ ಧಾಟಿ ಗುನುಗಿಗೆ ಬಂತಂತೆ. ಸಂದರ್ಶನಗಳಲ್ಲಿ ಅವರೇ ಹೇಳಿದ್ದಾರೆ. ಅದನ್ನು ಟಿವಿಯಲ್ಲಿ ಕೇಳಿದಾಗ ಒಂದೇ ವಾದ್ಯ ಎನಿಸುತ್ತದೆ. ಅಲ್ಲಿ ಕುಳಿತು ನೋಡಿದಾಗ ಅಷ್ಟೂ ಚೆಲ್ಲೋಗಳ ಬಿಲ್ಲುಗಳು ಒಟ್ಟಿಗೆ ಎಡಕ್ಕೆ, ಒಟ್ಟಿಗೆ ಬಲಕ್ಕೆ ಹೋಗುವುದು ಕಾಣುತ್ತದೆ. ಜೋಳದ ಹೊಲದ ಮೇಲೆ ಗಾಳಿ ಬೀಸಿದ ಹಾಗೆ. ನನ್ನ ಗಂಟಲು ಕಟ್ಟಿತು.

ಪಾಶ್ಚಾತ್ಯ ಸಂಗೀತ ತಿಳಿಯುವುದಿಲ್ಲ ಎಂದು ಬರೆದಿದ್ದೀರಿ. ಗೋಕಾಕ ಸೀಮೆಯ ನನ್ನ ಹಳ್ಳಿಯಲ್ಲಿ ನನ್ನ ಕಾಕಾ ಕರಡಿ ಮಜಲು ವಾದ್ಯಮೇಳದಲ್ಲಿ ಸನಾದಿ ಊದುತ್ತಿದ್ದರು. ಬೇಸಿಗೆಯ ರಾತ್ರಿ ‘ಶ್ರೀಕೃಷ್ಣ ಪಾರಿಜಾತ’ದ ಆಟ ನೋಡಲು ಹೋದರೆ, ಸತ್ಯಭಾಮೆ ಇನ್ನೂ ಪರದೆಯ ಹಿಂದೆ ಇರುವಾಗಲೇ ಹಾರ್ಮೋನಿಯಂ ಧಾಟಿ ಬದಲಾಗುತ್ತಿತ್ತು. ಹಿಂದೆ ಕುಳಿತ ಮುದುಕಿಯರು ‘ಬಂದಳು, ಬಂದಳು’ ಎನ್ನುತ್ತಿದ್ದರು. ಯಾರು ಬರುತ್ತಾರೆ, ಯಾವ ಸಿಟ್ಟಿನಲ್ಲಿ ಬರುತ್ತಾರೆ ಎಂದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತು. ಜವಾಡಿಯವರ ಕೆಲಸವೂ ಅದೇ. ಒಂದೊಂದು ಮನೆತನಕ್ಕೆ ಒಂದೊಂದು ಧಾಟಿ. 2013ರಲ್ಲಿ ಬಂದ ಆ ಮದುವೆಯ ಕಂತನ್ನು ನೆನಪಿಸಿಕೊಳ್ಳಿ. ಊಟ ನಡೆದಿದೆ, ಬಾಗಿಲು ಮುಚ್ಚುತ್ತದೆ, ಮೇಲಿನ ಅಟ್ಟದಲ್ಲಿ ಕುಳಿತ ವಾದಕರು ಧಾಟಿ ಬದಲಿಸುತ್ತಾರೆ. ಅದು ವೈರಿ ಮನೆತನದ ಧಾಟಿ. ಅತಿಥಿಯಾಗಿ ಬಂದ ರಾಜನ ತಾಯಿಯ ಮುಖದಲ್ಲಿ ಬಣ್ಣ ಹೋಗುತ್ತದೆ. ಒಂದು ಕತ್ತಿಯೂ ಇನ್ನೂ ಒರೆಯಿಂದ ಬಂದಿಲ್ಲ, ಆದರೆ ಎಲ್ಲ ಮುಗಿಯಿತೆಂದು ಸಂಗೀತ ಹೇಳಿಬಿಟ್ಟಿದೆ. ಸಭಾಂಗಣದಲ್ಲಿ ಆ ಧಾಟಿ ಶುರುವಾದಾಗ ನನ್ನ ಪಕ್ಕದ ಹುಡುಗಿ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಮ್ಮ ಪಾರಿಜಾತದ ಮುದುಕಿಯರೇ ಅಲ್ಲಿ ಕುಳಿತಂತಿತ್ತು ನನಗೆ.

ವೇದಿಕೆಯ ಚಮತ್ಕಾರವೂ ಬಹಳ ಇತ್ತು. ಹಿಮ ಸುರಿಯಿತು. ಪಿಟೀಲು ನುಡಿಸುವ ಹೆಣ್ಣುಮಗಳನ್ನು ಮೇಲಕ್ಕೆ ಎತ್ತುತ್ತ ಹೋದರು. ಅವರ ಉಡುಪು ನೆಲದವರೆಗೆ ಇಳಿಬಿದ್ದು ಆ ಕಥೆಯ ಬಿಳಿ ಮರದ ಕಾಂಡವಾಯಿತು, ಮೇಲಿಂದ ಕೆಂಪು ಎಲೆಗಳು ಉದುರಿದವು. ಜನ ಎದ್ದು ಕೂಗಿದರು. ನಾನು ಅವರ ಬಲಗೈಯನ್ನೇ ನೋಡುತ್ತಿದ್ದೆ. ಅಷ್ಟು ಎತ್ತರದಲ್ಲಿ, ಕಾಲ ಕೆಳಗೆ ನೆಲವಿಲ್ಲದೆ ಬಿಲ್ಲು ಒಂದು ಎಳೆಯಷ್ಟೂ ನಡುಗಲಿಲ್ಲ.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ. 2016ರಲ್ಲಿ ಬಂದ ಆರನೆಯ ಸರಣಿಯ ಕೊನೆಯ ಕಂತಿನಲ್ಲಿ ದೊಡ್ಡ ಗುಡಿ ಸ್ಫೋಟಗೊಳ್ಳುವ ಭಾಗವಿದೆಯಲ್ಲ, ಅದರ ಸಂಗೀತ ಸುಮಾರು ಹತ್ತು ನಿಮಿಷ. ಆ ಧಾರಾವಾಹಿಯಲ್ಲಿ ಅಲ್ಲಿಯವರೆಗೆ ಪಿಯಾನೊ ಕೇಳಿಸಿರಲೇ ಇಲ್ಲ. ಅದು ಒಂದೊಂದೇ ಸ್ವರ ಇಡುತ್ತ ಬರುತ್ತದೆ, ಕೇಳುವವರಿಗೆ ಏನೋ ಸರಿಯಿಲ್ಲ ಎನಿಸುತ್ತದೆ, ಏಕೆಂದು ತಿಳಿಯುವುದಿಲ್ಲ. ಆಮೇಲೆ ಮಕ್ಕಳ ದನಿ, ಆಮೇಲೆ ಆರ್ಗನ್. ಸಭಾಂಗಣದಲ್ಲಿ ಹಸಿರು ಬೆಂಕಿ ಎದ್ದು ಮುಖಕ್ಕೆ ಕಾವು ಬಡಿಯಿತು. ಆ ತುಣುಕು ಮುಗಿದು ಚಪ್ಪಾಳೆ ಬೀಳುತ್ತಿದ್ದಾಗ ಹಾರ್ನ್ ನುಡಿಸುವ ಒಬ್ಬರು ತಮ್ಮ ವಾದ್ಯದ ಒಂದು ಕೊಳವೆಯನ್ನು ಕಳಚಿ, ತಲೆಕೆಳಗೆ ಮಾಡಿ, ಒಳಗೆ ನಿಂತ ನೀರನ್ನು ನೆಲಕ್ಕೆ ಕೊಡವಿ ಮತ್ತೆ ಸಿಕ್ಕಿಸಿದರು. ಉಸಿರು ತಣ್ಣಗಿನ ಲೋಹಕ್ಕೆ ತಾಗಿ ನೀರಾಗುತ್ತದೆ, ಕೊಡವದಿದ್ದರೆ ಮುಂದಿನ ಸ್ವರ ಗುಳುಗುಳು ಎನ್ನುತ್ತದೆ. ಡಿಸೆಂಬರಿನ ಬೆಳಗಿನ ಪರೇಡಿನಲ್ಲಿ ನಮ್ಮ ಬ್ಯಾಂಡಿನ ಹುಡುಗರು ಇದನ್ನೇ ಮಾಡುತ್ತಿದ್ದರು. ಅಷ್ಟು ದೊಡ್ಡ ಸಭೆಯಲ್ಲಿ ಆ ಕೈಚಳಕವನ್ನು ನಾನು ಮಾತ್ರ ನೋಡಿದೆನೇನೋ. ಅಕ್ಕಾವರೇ, ನೀವೂ ನೋಡಿ. ಪರದೆಯನ್ನು ಮನೆಯಲ್ಲಿ ನೋಡಿದ್ದೀರಿ, ಅಲ್ಲಿ ಕೈಗಳನ್ನು ನೋಡಿ.

ಒಂದೆರಡು ಎಚ್ಚರಿಕೆ. ಅಷ್ಟು ದೊಡ್ಡ ಜಾಗದಲ್ಲಿ ಎಲ್ಲ ವಾದ್ಯಕ್ಕೂ ಮೈಕ್ ಇರುತ್ತದೆ. ಚಿಕ್ಕ ಸಭಾಂಗಣದಲ್ಲಿ ಮೈಕಿಲ್ಲದೆ ಕೇಳುವ ಪಿಟೀಲಿನ ಮರದ ದನಿ ಅಲ್ಲಿ ಸಿಗುವುದಿಲ್ಲ. ಅದು ದೊಡ್ಡ ಕೊರತೆಯೇ, ಮುಚ್ಚಿಡುವುದಿಲ್ಲ. ನಗಾರಿಗಳ ಸದ್ದು ಎದೆಗೆ ಬಡಿಯುತ್ತದೆ, ಹತ್ತಿ ಇಟ್ಟುಕೊಂಡಿರಿ. ರಕ್ತಪಾತದ ದೃಶ್ಯ ಪರದೆಯ ಮೇಲೆ ಬಂದರೆ ಕಣ್ಣು ಮುಚ್ಚಿಕೊಳ್ಳಿ, ಆಗ ಸಂಗೀತ ಇನ್ನೂ ಚೆನ್ನಾಗಿ ಕೇಳಿಸುತ್ತದೆ. ಮೊಬೈಲನ್ನು ಚೀಲದಿಂದ ತೆಗೆಯಬೇಡಿ. ಇನ್ನು ಮಗನ ಹಣದ ಮಾತು. ಹಿಟ್ಟಿನ ಕೈಯಲ್ಲಿ ಬಂದು ನಿಂತ ತಾಯಿಯನ್ನು ಅವನು ನೋಡಿದ್ದಾನೆ, ಅದಕ್ಕೇ ಟಿಕೆಟ್ ತೆಗೆದಿದ್ದಾನೆ. ಬೇಡ ಎನ್ನಬೇಡಿ.

ಪ್ರಶ್ನೆ: ಸರ್, ಎಲ್ಲರ ಮುಂದೆಯೂ ಸ್ವರಲಿಪಿಯ ಹಾಳೆ ಇರುವಾಗ ಮುಂದೆ ನಿಂತು ಕೋಲು ಆಡಿಸುವವರ ಅಗತ್ಯವೇನು?
– ಕಾಲೇಜು ವಿದ್ಯಾರ್ಥಿ, ಟಿಳಕವಾಡಿ, ಬೆಳಗಾವಿ

ಉತ್ತರ: ತಮ್ಮಾ, ಒಂದು ಲೆಕ್ಕ ಮಾಡು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ವೇದಿಕೆಯ ಆ ತುದಿಯ ನಗಾರಿ ಈ ತುದಿಯ ಪಿಟೀಲಿಗೆ 34 ಮೀಟರ್ ದೂರವಿದ್ದರೆ ಏಟು ಕೇಳಿಸುವುದು ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾಗಿ. ಇದು ಕಡಿಮೆ ಎನಿಸಬಹುದು. ವೇಗದ ಲಯದಲ್ಲಿ ಅಷ್ಟರಲ್ಲಿ ಒಂದು ಸ್ವರವೇ ಜಾರಿಹೋಗುತ್ತದೆ. ಕಿವಿಯನ್ನು ನಂಬಿ ನುಡಿಸಿದರೆ ಒಬ್ಬರ ಹಿಂದೆ ಒಬ್ಬರು ತಡವಾಗುತ್ತ ಹೋಗುತ್ತಾರೆ. ಕೋಲು ಮಾತ್ರ ಎಲ್ಲರ ಕಣ್ಣಿಗೂ ಒಂದೇ ಗಳಿಗೆಯಲ್ಲಿ ಕಾಣುತ್ತದೆ. ಉದ್ದನೆಯ ಪರೇಡಿನಲ್ಲಿ ಹಿಂದಿನ ಸಾಲಿನ ನಾವು ಬ್ಯಾಂಡಿನ ಮುಂದೆ ನಡೆಯುವ ಡ್ರಮ್ ಮೇಜರ್ ಅವರ ದಂಡವನ್ನೇ ನೋಡಿ ಹೆಜ್ಜೆ ಹಾಕುತ್ತಿದ್ದುದು ಇದೇ ಕಾರಣಕ್ಕೆ.

ಧಾರಾವಾಹಿಯ ಸಂಗೀತದಲ್ಲಿ ಇನ್ನೊಂದು ತೊಡಕಿದೆ. ಹಿಂದೆ ಚಿತ್ರ ಓಡುತ್ತಿರುತ್ತದೆ, ಅದು ಯಾರಿಗಾಗಿಯೂ ಕಾಯುವುದಿಲ್ಲ. ಕತ್ತಿ ಬೀಳುವ ಹೊತ್ತಿಗೇ ಏಟು ಬೀಳಬೇಕು. ಅದಕ್ಕಾಗಿ ಕೋಲು ಆಡಿಸುವ ಕಂಡಕ್ಟರ್ ಕಿವಿಯಲ್ಲಿ ಒಂದು ಸಣ್ಣ ಇಯರ್‌ಫೋನ್ ಇರುತ್ತದೆ, ಅದರಲ್ಲಿ ಟಿಕ್ ಟಿಕ್ ಎಂದು ಲಯ ಬರುತ್ತಿರುತ್ತದೆ. ಎಷ್ಟೋ ಸಲ ವಾದಕರ ಕಿವಿಯಲ್ಲೂ ಇರುತ್ತದೆ. ಹಾಗಾದರೆ ಆ ಟಿಕ್ ಟಿಕ್ ಸಾಕಲ್ಲವೇ ಎಂದು ಕೇಳುತ್ತೀಯ. ಸಾಲದು. ಲಯ ಯಂತ್ರದಿಂದ ಬರಬಹುದು. ಈ ಸ್ವರವನ್ನು ಮೆಲ್ಲಗೆ ಬಿಡು, ಆ ಸ್ವರದ ಮೇಲೆ ತುಸು ಒರಗು, ಈಗ ಉಸಿರು ತೆಗೆದುಕೋ ಎಂದು ಎಡಗೈ ಹೇಳುತ್ತದೆ. ಪಚಮಢಿಯ ಸೇನಾ ಸಂಗೀತ ವಿಭಾಗದಲ್ಲಿ ಕಲಿಯುವಾಗ ನಮ್ಮ ಉಸ್ತಾದರು ಎಡಗೈಯ ಹೆಬ್ಬೆರಳನ್ನು ತೋರುಬೆರಳಿಗೆ ಮುಟ್ಟಿಸಿದರೆ ಸಾಕು, ಮೂವತ್ತು ಕ್ಲಾರಿನೆಟ್‌ಗಳು ಪಿಸುಮಾತಿಗೆ ಇಳಿಯುತ್ತಿದ್ದವು.

ಪ್ರಶ್ನೆ: ನಮ್ಮ ಗೋಲಗುಮ್ಮಟದೊಳಗೆ ಇಂಥ ವಾದ್ಯವೃಂದ ನುಡಿಸಿದರೆ ಹೇಗಿರುತ್ತದೆ?
– ಓದುಗರು, ವಿಜಯಪುರ

ಉತ್ತರ: ಕಲಸಿಹೋಗುತ್ತದೆ. ಪಿಸುಗುಟ್ಟಿದ ಒಂದು ಮಾತನ್ನು ಏಳು ಸಲ ಹಿಂದಿರುಗಿಸುವ ಗುಮ್ಮಟ ಅದು. ಒಂದು ಸ್ವರ ಅಡಗುವ ಮೊದಲೇ ಮುಂದಿನ ಹತ್ತು ಸ್ವರ ಬಂದು ಅದರ ಮೇಲೆ ಬೀಳುತ್ತವೆ. ನಿಧಾನದ ಒಂದೇ ದನಿಯ ಆಲಾಪಕ್ಕಾದರೆ ಸ್ವರ್ಗ. ತಮ್ಮ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಮುದ್ದಿಸಿದ ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹರ ಊರು ನಿಮ್ಮದು. ಗುಮ್ಮಟದ ಹೊರಗಿನ ಹುಲ್ಲುಹಾಸಿನ ಬಯಲಿನಲ್ಲಿ, ಚಳಿಗಾಲದ ಸಂಜೆ, ಅದನ್ನು ಬೆನ್ನಿಗಿಟ್ಟುಕೊಂಡು ಕುಳಿತು ನುಡಿಸಿದರೆ ಮಾತ್ರ ಕೇಳಲು ನಾನು ಬೆಳಗಾವಿಯಿಂದ ಬರುತ್ತೇನೆ.

ಪ್ರಶ್ನೆ: ಪರದೇಶದ ಧಾರಾವಾಹಿಗೆ ಇಷ್ಟೆಲ್ಲ ಮಾಡುತ್ತಾರೆ. ನಮ್ಮ ‘ಮಾಲ್ಗುಡಿ ಡೇಸ್’ ಸಂಗೀತವನ್ನು ಹೀಗೆ ವೇದಿಕೆಯ ಮೇಲೆ ಕೇಳುವುದು ಯಾವಾಗ?
– ಓದುಗರು, ಅಥಣಿ

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಏಕೆಂದರೆ ನ್ಯೂಯಾರ್ಕಿನಿಂದ ರೈಲಿನಲ್ಲಿ ಹಿಂದಿರುಗುವಾಗ ಮಗಳು ‘ಅಪ್ಪಾ, ಹೇಗಿತ್ತು?’ ಎಂದು ಕೇಳಿದರೆ ನನ್ನ ಬಾಯಿಂದ ಮೊದಲು ಬಂದ ಮಾತು ಮಾಲ್ಗುಡಿಯದೇ.

ಶಂಕರ್‌ನಾಗ್ ಅವರು ಆಗುಂಬೆಯಲ್ಲಿ ಚಿತ್ರಿಸಿದ ಆ ಧಾರಾವಾಹಿ ದೂರದರ್ಶನದಲ್ಲಿ ಬಂದದ್ದು 1986ರಲ್ಲಿ. ನಾನು ಆಗ ದೂರದ ಸೇನಾ ಛಾವಣಿಯೊಂದರಲ್ಲಿದ್ದೆ. ಮನರಂಜನಾ ಕೊಠಡಿಯಲ್ಲಿ ಒಂದೇ ಟಿವಿ, ನೆಲದ ಮೇಲೆ ನಲವತ್ತು ಜವಾನರು. ಪಂಜಾಬಿನವರು, ಗಢವಾಲದವರು, ಮರಾಠರು, ಕನ್ನಡಿಗರು ನಾವು ನಾಲ್ವರು. ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳ ಜೊತೆ ಆ ‘ತಾನಾನ ತಾನನಾನ’ ಶುರುವಾದರೆ ನಲವತ್ತೂ ಮಂದಿ ಬಾಯಲ್ಲಿ ಗುನುಗುತ್ತಿದ್ದರು. ಭಾಷೆ ಯಾರನ್ನೂ ತಡೆಯಲಿಲ್ಲ. ಅದನ್ನು ಕಟ್ಟಿದವರು ಎಲ್. ವೈದ್ಯನಾಥನ್, ಪಿಟೀಲಿನ ಮನೆತನದವರು. ಎಲ್. ಸುಬ್ರಮಣ್ಯಂ ಮತ್ತು ಎಲ್. ಶಂಕರ್ ಅವರ ಅಣ್ಣ. 2007ರಲ್ಲಿ ತೀರಿಕೊಂಡರು. ಪದವೇ ಇಲ್ಲದ ಒಂದು ಗುನುಗಿನಲ್ಲಿ ಒಂದು ಇಡೀ ಊರನ್ನು ಕಟ್ಟಿದರು. ಅದರ ರಥಬೀದಿಯಲ್ಲಿ ಚಡ್ಡಿ ಹಾಕಿದ ಹುಡುಗನೊಬ್ಬ ಓಡುತ್ತಿದ್ದಾನೆ ಎಂದು ಕಣ್ಣು ಮುಚ್ಚಿದರೂ ಕಾಣುತ್ತದೆ.

ಈಗ ನಿಮ್ಮ ‘ಯಾವಾಗ’ ಎಂಬ ಮಾತಿಗೆ ಬರುತ್ತೇನೆ. ಇಂಥ ಕಾರ್ಯಕ್ರಮಕ್ಕೆ ಮೊದಲು ಬೇಕಾದದ್ದು ಹಣವಲ್ಲ, ಹಾಳೆ. ನಮ್ಮಲ್ಲಿ ಸಂಗೀತ ಕಿವಿಯಿಂದ ಕಿವಿಗೆ ಬರುತ್ತದೆ. ಅದು ನಮ್ಮ ಬಲ. ಹಾರ್ಮೋನಿಯಂ ವಿದ್ವಾಂಸರಾದ ಪಂಡಿತ ಆರ್.ಕೆ. ಬಿಜಾಪುರೆಯವರು ಇದೇ ಬೆಳಗಾವಿಯಲ್ಲಿ ಅಷ್ಟೊಂದು ಶಿಷ್ಯರನ್ನು ಎದುರು ಕೂರಿಸಿಕೊಂಡು ಬೆಳೆಸಿದರು, ಬೆರಳು ನೋಡಿ ಬೆರಳು ಕಲಿಯಿತು. ಆದರೆ ಅರವತ್ತು ಮಂದಿ ಒಟ್ಟಿಗೆ ಬೇರೆ ಬೇರೆ ಸ್ವರ ನುಡಿಸಬೇಕಾದಾಗ ಬರೆದಿಡದೆ ಆಗದು. ಒಬ್ಬೊಬ್ಬರಿಗೂ ಬೇರೆ ಹಾಳೆ ಬೇಕು, ಅದೂ ಆಯಾ ವಾದ್ಯದ ಲೆಕ್ಕಕ್ಕೆ. ನನ್ನ ಬಿ ಫ್ಲ್ಯಾಟ್ ಕ್ಲಾರಿನೆಟ್ಟಿನಲ್ಲಿ ‘ಸಿ’ ಸ್ವರ ಎಂದು ಬರೆದದ್ದನ್ನು ನುಡಿಸಿದರೆ ಕೇಳಿಸುವುದು ಒಂದು ಸ್ವರ ಕೆಳಗಿನ ‘ಬಿ ಫ್ಲ್ಯಾಟ್’. ಆದ್ದರಿಂದ ಪಿಟೀಲಿಗೆ ‘ಸಿ’ ಎಂದು ಬರೆದ ಕಡೆ ನನಗೆ ‘ಡಿ’ ಎಂದು ಬರೆಯಬೇಕು. ಹಾರ್ನಿಗೆ ಲೆಕ್ಕವೇ ಬೇರೆ. ಎರಡು ನಿಮಿಷದ ಧಾಟಿಯನ್ನು ಇಡೀ ವೃಂದಕ್ಕೆ ಬರೆಯಲು ನನ್ನಂಥವನಿಗೆ ವಾರಗಳೇ ಬೇಕು. ಸಾರ್ವಜನಿಕವಾಗಿ ನುಡಿಸುವುದಾದರೆ ಹಕ್ಕುದಾರರ ಅನುಮತಿಯನ್ನೂ ಪಡೆಯಬೇಕು.

ಆದರೂ ನಾನು ಶುರು ಮಾಡಿದ್ದೇನೆ. ಭಾನುವಾರ ಬೆಳಿಗ್ಗೆ ಏಳು ಮಂದಿ ಹುಡುಗ ಹುಡುಗಿಯರು ನನ್ನ ಮನೆಯ ಪಡಸಾಲೆಗೆ ಬರುತ್ತಾರೆ. ಒಬ್ಬನ ತಂದೆ ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಾರೆ, ಆ ವಾದ್ಯವನ್ನೇ ಎರವಲು ತರುತ್ತಾನೆ. ಇಬ್ಬರು ಹುಡುಗಿಯರು ಪಿಟೀಲು. ಒಬ್ಬ ಹಲಗೆ ಬಾರಿಸುತ್ತಾನೆ, ಅವನಿಗೆ ಲಿಪಿ ಓದಲು ಬರುವುದಿಲ್ಲ, ಕಲಿಯುತ್ತಿದ್ದಾನೆ. ಆ ಗುನುಗನ್ನು ನಾಲ್ಕು ವಾದ್ಯಗಳಿಗೆ ಹಂಚಿ, ಅಡ್ಡಗೆರೆಯ ಹಾಳೆಯ ಮೇಲೆ ಶಾಯಿಯಿಂದ ಬರೆದಿದ್ದೇನೆ. ಕಳೆದ ವಾರ ಮೊದಲ ಹದಿನಾರು ಮಾತ್ರೆಗಳು ಎಲ್ಲಿಯೂ ನಿಲ್ಲದೆ ಬಂದವು. ಅಡುಗೆಮನೆಯಲ್ಲಿದ್ದ ನನ್ನ ಮನೆಯವರು ಬಾಗಿಲಿಗೆ ಬಂದು ನಿಂತರು.

ಕೆಳಗಿನ ಸ್ವರಗಳನ್ನು ಹಿಡಿಯಲು ಚೆಲ್ಲೋ ಒಂದು ಬೇಕಾಗಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಯಾರ ಮನೆಯಲ್ಲಾದರೂ ಹಳೆಯ ಚೆಲ್ಲೋ ಮೂಲೆ ಹಿಡಿದಿದ್ದರೆ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ತಂತಿ ಹರಿದಿದ್ದರೂ, ಬಿಲ್ಲು ಇಲ್ಲದಿದ್ದರೂ ನಡೆಯುತ್ತದೆ. ನಾನೇ ಬಂದು ಒಯ್ಯುತ್ತೇನೆ.